ಸತ್ತವರನ್ನು ಕದಿಯುವ ಆ ಎತ್ತರದ ಮನುಷ್ಯ

ಪ್ರಶ್ನೆ: ಅಮೆರಿಕದ ‘ಫ್ಯಾಂಟಾಸಂ’ ಎಂಬ ಹಳೆಯ ಭಯಾನಕ ಚಿತ್ರಮಾಲೆಯನ್ನು ನನ್ನ ಮಗ ಗೆಳೆಯರೊಡನೆ ಮತ್ತೆ ಮತ್ತೆ ನೋಡುತ್ತಾನೆ. ಕಥೆಗೆ ತಲೆಬುಡವಿಲ್ಲ, ಬಡತನವಂತೂ ಎದ್ದು ಕಾಣುತ್ತದೆ. ಅದರಲ್ಲಿ ಅಂಥದ್ದೇನಿದೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೀವು ಕಂಡ ಬಡತನ ನಿಜವೇ. 1979ರಲ್ಲಿ ತೆರೆಕಂಡ ಮೊದಲ ಚಿತ್ರವನ್ನು ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಡಾನ್ ಕೊಸ್ಕರೆಲಿ ತಾವೇ ಬರೆದು, ನಿರ್ದೇಶಿಸಿ, ಕ್ಯಾಮೆರಾ ಹಿಡಿದು, ಸಂಕಲನವನ್ನೂ ಮಾಡಿದರು. ಶುಕ್ರವಾರ ಬಾಡಿಗೆಗೆ ತಂದ ಸಲಕರಣೆಗಳನ್ನು ಸೋಮವಾರ ಹಿಂದಿರುಗಿಸಿದರೆ ಒಂದೇ ದಿನದ ಬಾಡಿಗೆ ಸಾಕಾಗುತ್ತಿದ್ದುದರಿಂದ ಚಿತ್ರೀಕರಣ ಬಹುಪಾಲು ವಾರಾಂತ್ಯಗಳಲ್ಲೇ ನಡೆಯಿತು. ತಂದೆ ಹಣ ಹೊಂದಿಸಿದರು, ತಾಯಿ ವೇಷಭೂಷಣ ನೋಡಿಕೊಂಡರು. ಕಚೇರಿ ಮುಗಿಸಿ, ಲೋಕಲ್ ಹಿಡಿದು ಬಂದು ನಾಟಕದ ತಾಲೀಮು ನಡೆಸುವ ನಮ್ಮ ಮುಂಬಯಿ ಕನ್ನಡಿಗರಿಗೆ ಇಂಥ ದುಡಿಮೆಯನ್ನು ವಿವರಿಸಬೇಕಾಗಿಲ್ಲ. ‘ಪುರಾನಾ ಮಂದಿರ್’ (1984) ಮಾಡಿದ ಇದೇ ಊರಿನ ರಾಮ್ಸೆ ಸಹೋದರರೂ ಮನೆಮಂದಿಯೇ ಕೆಲಸ ಹಂಚಿಕೊಂಡು ಚಿತ್ರ ತೆಗೆದವರು.

ಆದರೂ ಕಷ್ಟಪಟ್ಟು ಮಾಡಿದ್ದೆಂಬ ಕಾರಣಕ್ಕೆ ಯಾರೂ ಒಂದು ಚಿತ್ರವನ್ನು ನಾಲ್ಕು ದಶಕ ನೋಡುವುದಿಲ್ಲ. ತಲೆಬುಡವಿಲ್ಲವೆಂದು ನಿಮಗೆ ಅನ್ನಿಸಿದ ಆ ಕಥೆ, ತಂದೆತಾಯಿಯರನ್ನು ಕಳೆದುಕೊಂಡು, ಅಣ್ಣನೂ ಎಲ್ಲಿ ಬಿಟ್ಟುಹೋಗುತ್ತಾನೋ ಎಂದು ನಡುಗುವ ಹದಿಮೂರರ ಹುಡುಗ ಮೈಕ್‌ನ ಕನಸಿನಂತೆ ಸಾಗುತ್ತದೆ. ಆಂಗಸ್ ಸ್ಕ್ರಿಮ್ ಅಭಿನಯಿಸಿದ ‘ಟಾಲ್ ಮ್ಯಾನ್’ ಅಲ್ಲಿ ಶವಗಳನ್ನು ಕದಿಯುತ್ತಾನೆ. ಸಮಾಧಿ ಭವನದ ಓಣಿಯಲ್ಲಿ ಹಾರಿಬಂದು ಹಣೆ ಕೊರೆಯುವ ಬೆಳ್ಳಿಬಣ್ಣದ ಗುಂಡು ಎಲ್ಲರ ಬಾಯಲ್ಲಿದೆ. ನನ್ನನ್ನು ಮಾತ್ರ ಹೆಚ್ಚು ಕಾಡಿದ್ದು, ಸತ್ತ ಮೇಲೂ ನಮ್ಮವರನ್ನು ನೆಮ್ಮದಿಯಾಗಿ ಮಲಗಗೊಡದವನೊಬ್ಬನಿದ್ದಾನೆ ಎಂಬ ಕಲ್ಪನೆ.

ಇನ್ನು, ಈ ಐದು ಚಿತ್ರಗಳಲ್ಲಿ ನಟರಿಗೆ ನಿಜವಾಗಿಯೇ ವಯಸ್ಸಾಗುತ್ತಾ ಹೋಗುತ್ತದೆ. ದೊಡ್ಡ ಸ್ಟುಡಿಯೊ ಹಣ ಹಾಕಿದ 1988ರ ಎರಡನೆಯ ಭಾಗದಲ್ಲಿ ಮೈಕ್ ಪಾತ್ರಕ್ಕೆ ಬೇರೊಬ್ಬರು ಬಂದರು; ಆ ಭಾಗ ನನಗೆ ಅಷ್ಟು ಹತ್ತಿರವಾಗಲಿಲ್ಲ. 1994ರಲ್ಲಿ ಮೂಲ ನಟ ಮೈಕೇಲ್ ಬಾಲ್ಡ್‌ವಿನ್ ಮರಳಿದರು. 1998ರ ನಾಲ್ಕನೆಯ ಭಾಗಕ್ಕೆ ಬಂದಾಗ, ಮೊದಲ ಚಿತ್ರಕ್ಕೆಂದು ತೆಗೆದು ಬಳಸದೆ ಉಳಿದಿದ್ದ ದೃಶ್ಯಗಳನ್ನು ಕೊಸ್ಕರೆಲಿ ಮೈಕ್‌ನ ನೆನಪುಗಳಾಗಿ ಸೇರಿಸಿದರು. ದೊಡ್ಡವನಾದ ಮೈಕ್‌ನ ಬಳಲಿದ ಮುಖದ ಬೆನ್ನಿಗೇ ಅದೇ ನಟರ ಎಳೆಯ ಮುಖ ಬರುವಾಗ ಗಂಟಲು ಕಟ್ಟುತ್ತದೆ. ಯಾವ ಬಣ್ಣಗಾರಿಕೆಯಿಂದಲೂ ಅದನ್ನು ಸಾಧಿಸಲಾಗದು. 2016ರ ಕೊನೆಯ ಭಾಗದಲ್ಲಿ, ಮೊದಲ ಚಿತ್ರದಿಂದಲೂ ಅಣ್ಣತಮ್ಮಂದಿರ ಜೊತೆಗಿದ್ದ, ಐಸ್‌ಕ್ರೀಮ್ ಮಾರುತ್ತಿದ್ದ ಗೆಳೆಯ ರೆಜಿ ಮರೆವಿನ ಕಾಯಿಲೆಯ ಮುದುಕ. ಅದು ತೆರೆಗೆ ಬರುವ ಹೊತ್ತಿಗೆ ಸ್ಕ್ರಿಮ್ ತೀರಿಕೊಂಡಿದ್ದರು.

ಮಗನ ಪಕ್ಕದಲ್ಲಿ ಕುಳಿತು ಮೊದಲನೆಯ ಮತ್ತು ನಾಲ್ಕನೆಯ ಚಿತ್ರಗಳನ್ನು ಒಂದರ ಹಿಂದೊಂದು ನೋಡಿ, ಮತ್ತೆ ಬರೆಯಿರಿ.