ಕೀ ತಿರುಗಿಸಿದರೆ ಬರೀ ‘ಟಕ್’: ಹೊಸ ಸೆಲ್ಫ್ ಹಾಕಿಸಲಾ, ಹಳೇದನ್ನೇ ರಿಪೇರಿ ಮಾಡಿಸಲಾ?

ನಿಮ್ಮ ಪ್ರಶ್ನೆ ಓದಿದೆ: ಮೂಡಿಗೆರೆ ಕಡೆ ತೋಟ, ಹಳೇ ಡೀಸೆಲ್ ಜೀಪು, ಬ್ಯಾಟರಿ ಹೊಸದು, ಆದರೂ ಬೆಳಗ್ಗೆ ಒಂದು ‘ಟಕ್’ ಬಿಟ್ಟರೆ ಏನೂ ಇಲ್ಲ. ನನ್ನ ಗಾಡಿಯದ್ದೂ ಡಿಟ್ಟೋ ಇದೇ ಕಥೆ. ಸೆಲ್ಫ್, ಅಂದರೆ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು, ಹೊಸದೋ ರಿಪೇರಿಯೋ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಮೊದಲು ಅರ್ಥ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಾರಿ, ನೋಡಿ. ನಾನು ಸೆಲ್ಫ್ ಬದಲಾಯಿಸಿದ ಮೇಲೆ ಅರ್ಥ್ ನೋಡಿದವನು, ದುಡ್ಡು ದಂಡ ಆಗಿದ್ದು ಅಲ್ಲೇ.

ಇಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ. ಬ್ಯಾಟರಿಯ ಮೈನಸ್ ಚೇಸಿಸ್‌ಗೆ ಹೋಗಿರುತ್ತೆ. ಸೆಲ್ಫ್‌ನೊಳಗೆ ಹೋದ ಕರೆಂಟು ವಾಪಸ್ ಬರೋಕೆ ಇಂಜಿನ್ನಿಂದಲೋ ಗೇರ್‌ಬಾಕ್ಸಿನಿಂದಲೋ ಚೇಸಿಸ್‌ಗೆ ಬಿಗಿದಿರುವ ಹೆಣೆದ ತಾಮ್ರದ ಪಟ್ಟಿಯೇ ದಾರಿ. ನಮ್ಮ ಮಳೆಗೆ, ಕೆಂಪು ಕೆಸರಿಗೆ ಆ ಪಟ್ಟಿಯ ಲಗ್ (ಬೋಲ್ಟು ಹಾಕುವ ತುದಿ) ಅಡಿಯಲ್ಲಿ ತುಕ್ಕು ಹಿಡಿಯುತ್ತೆ. ಮೇಲಿಂದ ನೋಡಿದರೆ ಬೋಲ್ಟು ಬಿಗಿಯಾಗೇ ಇರುತ್ತೆ. ಮಳೆಗಾಲಕ್ಕೆ ಮುಂಚೆ ಗಾಡಿ ಅಡಿಗೆ ಕಪ್ಪು ಕೋಟಿಂಗ್ ಹೊಡೆಸುವವರು ಪಟ್ಟಿ ಬಿಚ್ಚಿ, ಕೋಟಿಂಗ್ ಮೇಲೇ ಮತ್ತೆ ಕೂರಿಸಿಬಿಟ್ಟರಂತೂ ಮುಗೀತು.

ಈ ತುಕ್ಕಿನ ದೋಷ ಟೆಸ್ಟ್ ಲ್ಯಾಂಪಿಗೆ (ಕರೆಂಟು ಬರುತ್ತಾ ಅಂತ ನೋಡುವ ಸಣ್ಣ ಬಲ್ಬು) ಸಿಗೋದಿಲ್ಲ, ಮೋಸ ಹೋಗೋದೇ ಇಲ್ಲಿ. ಡೀಸೆಲ್ ಇಂಜಿನ್ ತಿರುಗಿಸೋಕೆ ಸೆಲ್ಫ್ 200 ಆಂಪಿಯರ್ ಎಳೆಯುತ್ತೆ ಅಂದುಕೊಳ್ಳಿ, ಎಷ್ಟೋ ಸಲ ಇನ್ನೂ ಹೆಚ್ಚು. ತುಕ್ಕಿನ ತಡೆ ಬರೀ 0.01 ಓಮ್ ಇದ್ದರೂ 2 ವೋಲ್ಟ್ ಅಲ್ಲೇ ಖಲಾಸ್. ಟೆಸ್ಟ್ ಲ್ಯಾಂಪಿನ ಬಲ್ಬು ಎಳೆಯೋದು ಅರ್ಧ ಆಂಪಿಯರ್ ಇದ್ದೀತು. ಅದೇ ತುಕ್ಕಿನ ಮೇಲೆ ಅದಕ್ಕೆ ನಷ್ಟ ಆಗೋದು 0.005 ವೋಲ್ಟ್. ಬಲ್ಬು ಜಗಮಗ ಉರಿಯುತ್ತೆ, ‘ಅರ್ಥ್ ಸರಿ ಇದೆ’ ಅಂತ ಸೆಲ್ಫ್ ಬಿಚ್ಚೋಕೆ ಶುರು ಮಾಡ್ತೀವಿ. ಮಲ್ಟಿಮೀಟರಿನ ಬಜರ್ ಕೂಡ ಹಾಗೇ ಪೀಂಗುಟ್ಟುತ್ತೆ. ‘ಟಕ್’ ಬಂತು ಅಂದರೆ ಅರ್ಥ್ ಇದೆ ಅನ್ನುವ ವಾದವೂ ನಿಲ್ಲೋದಿಲ್ಲ. ಆ ‘ಟಕ್’ ಸೊಲೆನಾಯ್ಡಿನದ್ದು, ಅಂದರೆ ಸೆಲ್ಫ್ ಮೇಲಿರುವ ಅಯಸ್ಕಾಂತದ ಸ್ವಿಚ್ಚಿನದ್ದು. ಅದು ಎಳೆದುಕೊಳ್ಳೋಕೆ ಮೋಟಾರಿಗೆ ಬೇಕಾದಷ್ಟು ಕರೆಂಟು ಬೇಡ. ಹೊಸ ಸೆಲ್ಫ್ ಹಾಕಿದಾಗ ಅದು ಕಡಿಮೆ ವೋಲ್ಟೇಜಲ್ಲೂ ಹೇಗೋ ಕೆಲವು ದಿನ ತಳ್ಳಿಕೊಂಡು ಹೋಗುತ್ತೆ, ನಿಮಗೂ ಸಮಾಧಾನ. ಇಂಜಿನ್ ಆಯಿಲ್ ಗಟ್ಟಿಯಾಗುವ ಒಂದು ಚಳಿ ಬೆಳಗ್ಗೆ ಮತ್ತೆ ‘ಟಕ್’.

ಈಗ ಕೆಲಸಕ್ಕೆ ಬನ್ನಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ ಕೀ ತಿರುಗಿಸಿ. ಗಿರಗಿರ ತಿರುಗಿತಾ? ದೋಷ ಅರ್ಥ್‌ನಲ್ಲೇ. ಸೆಲ್ಫ್ ಹೊಡೆಯುವಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತಾ ಅಂತಲೂ ಮುಟ್ಟಿ ನೋಡಿ. ಪಟ್ಟಿ ಕೆಟ್ಟರೆ ಕರೆಂಟು ಅದರ ಮೇಲೆ ಹಾದು ಬರುತ್ತೆ.

ಮೀಟರ್ ಇದ್ದರೆ ಇನ್ನೂ ಒಳ್ಳೇದು. 20 ವೋಲ್ಟ್ ಡಿಸಿಗೆ ಇಟ್ಟು, ಇಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ಕೇಬಲ್ (ಇಂಜಿನ್ ಆಫ್ ಮಾಡುವ ಕೇಬಲ್) ಎಳೆದು ಹಿಡಿದು, ಇನ್ನೊಬ್ಬರ ಕೈಲಿ ಸೆಲ್ಫ್ ಹೊಡೆಸಿ. ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಬ್ಯಾಟರಿಯ ಮೈನಸ್ ಕಂಬದಿಂದ (ಕ್ಲ್ಯಾಂಪಿನಿಂದ ಅಲ್ಲ, ಸೀಸದ ಕಂಬದಿಂದಲೇ) ಸೆಲ್ಫ್ ಬಾಡಿಗೆ 0.3 ವೋಲ್ಟ್ ಮೀರಬಾರದು. ಪ್ಲಸ್ ಕಂಬದಿಂದ ಸೊಲೆನಾಯ್ಡಿನಲ್ಲಿ ಬ್ಯಾಟರಿ ಕೇಬಲ್ ಬಂದಿರುವ ದಪ್ಪ ಬೋಲ್ಟಿಗೆ 0.5 ಮೀರಬಾರದು. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ 0.3ಕ್ಕಿಂತ ಹೆಚ್ಚು ಬಂದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಇಷ್ಟರ ನಡುವೆ ಬ್ಯಾಟರಿ 9.6ಕ್ಕಿಂತ ಕೆಳಗಿಳಿದರೆ ಹೊಸದಾದರೂ ಅದನ್ನು ಚಾರ್ಜ್ ಮಾಡಿಸಿ ಲೋಡ್ ಟೆಸ್ಟ್ ಮಾಡಿಸಿ.

ಅರ್ಥ್ ಸರಿ ಮಾಡೋಕೆ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಪಟ್ಟಿ ತೆಗೆದು ಎರಡೂ ಕಡೆ ಲೋಹ ಬಿಳಿ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ವ್ಯಾಸಲಿನ್ ಸವರಿ. ಪಟ್ಟಿಯ ಎಳೆಗಳು ಹಸಿರುಗಟ್ಟಿ ಪುಡಿಯಾಗುತ್ತಿದ್ದರೆ ಉಜ್ಜಬೇಡಿ, ಹೊಸದು ಹಾಕಿ. ಕೇಬಲ್ ಹಾಕುವುದಾದರೆ 35 ಚದರ ಮಿಲಿಮೀಟರ್‌ಗಿಂತ ಸಣ್ಣದು ಬೇಡ.

ಇಷ್ಟೆಲ್ಲ ಸರಿ ಇದ್ದೂ ತಿರುಗದಿದ್ದರೆ ಮಾತ್ರ ಸೆಲ್ಫ್ ಇಳಿಸಿ, ಆಗಲೂ ನನ್ನ ಓಟು ರಿಪೇರಿಗೆ. ಕಾರ್ಬನ್ ಬ್ರಶ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ಅರ್ಧಕ್ಕಿಂತ ಸವೆದಿದ್ದರೆ ಬದಲಾಯಿಸಿ. ಬ್ರಶ್ ಉಜ್ಜುವ ತಾಮ್ರದ ಭಾಗ, ಕಮ್ಯುಟೇಟರ್, ಕಂದು ಬಣ್ಣಕ್ಕಿದ್ದರೆ ಮುಟ್ಟಬೇಡಿ, ಕಪ್ಪಾಗಿದ್ದರೆ ನಯವಾದ ಮರಳು ಕಾಗದ ಸಾಕು. ಎಮರಿ ಪೇಪರ್ ಬೇಡ, ಅದರ ಪುಡಿ ಸೀಳುಗಳಲ್ಲಿ ಕೂತರೆ ಶಾರ್ಟ್ ಆದೀತು. ಶಾಫ್ಟ್ ಹಿಡಿಯುವ ಬುಷ್ ಸಡಿಲಾಗಿದ್ದರೆ ಆರ್ಮೇಚರ್ (ತಿರುಗುವ ಭಾಗ) ವಾಲಿ ಸುತ್ತಲಿನ ಫೀಲ್ಡಿಗೆ ಉಜ್ಜುತ್ತೆ, ಉಜ್ಜಿದ ಕಡೆ ಹೊಳೆಯುವ ಗೀರು ಕಾಣುತ್ತೆ. ಮೋಟಾರು ಸೊಯ್ಯ್ ಅಂತ ಓಡಿ ಇಂಜಿನ್ ಮಾತ್ರ ತಿರುಗದಿದ್ದರೆ ಬೆಂಡಿಕ್ಸ್, ಅಂದರೆ ಮೋಟಾರನ್ನು ಇಂಜಿನ್ನಿನ ಹಲ್ಲುಚಕ್ರಕ್ಕೆ ಜೋಡಿಸುವ ಸಣ್ಣ ಗೇರು, ಕಡೆ ನೋಡಿ. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುವ ಅಭ್ಯಾಸ ಎಷ್ಟೋ ಕಡೆ ಇದೆ. ಒಳಗಿನ ಗ್ರೀಸ್ ತೊಳೆದುಹೋಗಿ ಅದು ಬೇಗ ಜಾರೋಕೆ ಶುರುವಾಗುತ್ತೆ. ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸುತ್ತಿಗೆಯಲ್ಲಿ ಸೆಲ್ಫ್ ತಟ್ಟೋದು ಎಲ್ಲರಿಗೂ ಗೊತ್ತಿರುವ ಮದ್ದು. ಬ್ರಶ್ ಸವೆದಿದ್ದರೆ ಒಂದೆರಡು ಸಲ ನಡೆಯುತ್ತೆ. ಒಳಗೆ ಮ್ಯಾಗ್ನೆಟ್ ಇರುವ ಹೊಸ ನಮೂನೆಯ ಸೆಲ್ಫ್‌ಗೆ ಹಾಗೆ ತಟ್ಟಿದರೆ ಮ್ಯಾಗ್ನೆಟ್ಟೇ ಬಿರುಕು ಬಿಡಬಹುದು.

ಚಿಕ್ಕಮಗಳೂರಿಗೋ ಹಾಸನಕ್ಕೋ ಒಯ್ದು ರಿಪೇರಿ ಮಾಡಿಸಿದರೆ ಹಳೇ ಬ್ರಶ್, ಬುಷ್ ಕೈಗೆ ಕೇಳಿ ಇಸ್ಕೊಳ್ಳಿ. ವೈಸಿನಲ್ಲಿ ಬಿಗಿದೇ ಓಡಿಸಿ ತೋರಿಸೋಕೆ ಹೇಳಿ. ನೆಲದ ಮೇಲೆ ಇಟ್ಟು ವೈರ್ ಮುಟ್ಟಿಸಿದರೆ ಅದು ಜಿಗಿದು ಕಾಲ ಮೇಲೆ ಬೀಳುತ್ತೆ.