ಕಲ್ಲಿದ್ದಲಿನ ಹೊಟ್ಟೆಯಲ್ಲಿ ಹೊಗೆ

ಪ್ರಶ್ನೆ: ಇಂಗಾಲದ ಡೈಆಕ್ಸೈಡನ್ನು ಕಲ್ಲಿದ್ದಲು ಪದರದಲ್ಲಿ ತುಂಬಿಡಬಹುದಂತೆ. ಮತ್ತೆ ಮೇಲೆ ಬರಲ್ವಾ? ನಮ್ಮಲ್ಲೂ ಆಗುತ್ತಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಮಳೆಗಾಲದಲ್ಲಿ ನಮ್ಮಮ್ಮ ಬಟ್ಟೆ ಪೆಟ್ಟಿಗೆಯಲ್ಲಿ ಇದ್ದಿಲು ಇಡುತ್ತಿದ್ದರು. ಮುಗ್ಗಲು ವಾಸನೆ ಅದಕ್ಕೇ ಅಂಟಿಕೊಳ್ಳುತ್ತಿತ್ತು. ಕಲ್ಲಿದ್ದಲಿನ ಒಳಗೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿವೆ. ಅಲ್ಲಿ ಮೊದಲೇ ಮೀಥೇನ್ ಎಂಬ ಉರಿಯುವ ಅನಿಲ ಕೂತಿರುತ್ತದೆ. ಇಂಗಾಲದ ಡೈಆಕ್ಸೈಡ್ ಅದಕ್ಕಿಂತ ಗಟ್ಟಿಯಾಗಿ ಅಂಟಿ, ಮೀಥೇನನ್ನು ಹೊರಗೆ ತಳ್ಳುತ್ತದೆ. ಒಳಗಿನ ಒತ್ತಡ ಇಳಿಯದಿದ್ದರೆ ಅದು ಸುಮ್ನೆ ಮೇಲೆ ಬರಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 1995ರಲ್ಲೇ ಇದನ್ನು ಮಾಡಿ ನೋಡಿದರು. ತೊಡಕೂ ಅಲ್ಲೇ ಕಂಡಿತು: ಅನಿಲ ಹೀರಿದ ಕಲ್ಲಿದ್ದಲು ಉಬ್ಬಿ, ಬಿರುಕು ಮುಚ್ಚಿ, ಮುಂದೆ ತುಂಬುವುದೇ ಕಷ್ಟವಾಯಿತು. ನನಗೆ ಇದೇ ದೊಡ್ಡ ಚಿಂತೆ.

ಶಿವಮೊಗ್ಗದಲ್ಲಿ ಆಗಲ್ಲ. ನಮ್ಮ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಕಲ್ಲಿದ್ದಲಾಗಲು ಆಗ ಭೂಮಿ ಮೇಲೆ ಕಾಡೇ ಇರಲಿಲ್ಲ, ಅಲ್ವಾ? ಕಲ್ಲಿದ್ದಲು ಬೇಕೆಂದರೆ ತೆಲಂಗಾಣದ ಗೋದಾವರಿ ಕಣಿವೆಗೇ ಹೋಗಬೇಕು.