ಪ್ರತಿಕ್ರಿಯೆ: ವೇಲ್ಸ್‌ನಿಂದ ಸಂಸತ್ತಿಗೆ ನಾಮಪತ್ರ

ವೇಲ್ಸ್‌ನಲ್ಲಿ ನೆಲೆಸಿರುವ ತಮ್ಮ ಸಹೋದರಿಯವರು ಭಾರತದ ಪೌರತ್ವವನ್ನು ಉಳಿಸಿಕೊಂಡೇ ಇನಿಸ್ ಮೋನ್ ಕ್ಷೇತ್ರದಿಂದ ಬ್ರಿಟನ್ ಸಂಸತ್ತಿಗೆ ಪಕ್ಷೇತರರಾಗಿ ಸ್ಪರ್ಧಿಸಬಹುದೇ ಎಂದು ಕೇಳಿದ್ದೀರಿ. ಭಾರತ ಕಾಮನ್‌ವೆಲ್ತ್ ರಾಷ್ಟ್ರವಾದ್ದರಿಂದ, 18 ವರ್ಷ ತುಂಬಿ ಅಲ್ಲಿ ಅನಿರ್ದಿಷ್ಟಾವಧಿಯ ವಾಸದ ಅನುಮತಿ ಹೊಂದಿದವರು, ಬೇರೆ ಅನರ್ಹತೆಗಳಿಲ್ಲದಿದ್ದರೆ, ಸ್ಪರ್ಧಿಸಬಹುದು. ಅದೇ ಕ್ಷೇತ್ರದ ನಿವಾಸಿಯಾಗಿರಬೇಕೆಂಬ ನಿಯಮವೂ ಇಲ್ಲ.

ತೊಡಕು ಬರುವುದು ಸಹಿಗಳಲ್ಲಿ. ನಾಮಪತ್ರಕ್ಕೆ ಸೂಚಕರು, ಅನುಮೋದಕರು ಹಾಗೂ ಇನ್ನೂ ಎಂಟು ಮಂದಿ, ಒಟ್ಟು 10 ಮತದಾರರು ಸಹಿ ಹಾಕಬೇಕು. ಎಲ್ಲರೂ ಆ ಕ್ಷೇತ್ರದ ಪಟ್ಟಿಯಲ್ಲಿರಬೇಕು. ಮೊದಲ ಹತ್ತು ಸಹಿಗಳನ್ನಷ್ಟೇ ಪರಿಗಣಿಸುವುದರಿಂದ, ಅವುಗಳಲ್ಲೊಂದು ಅಸಿಂಧುವಾದರೆ ಹನ್ನೊಂದನೆಯ ಸಹಿ ನೆರವಿಗೆ ಬಾರದು. ಆದ್ದರಿಂದ ಬೇರೆ ಹತ್ತು ಜನರ ಸಹಿಯಿರುವ ಇನ್ನೊಂದು ನಾಮಪತ್ರವನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಜಾಣತನ.

ಸಾಕ್ಷಿಯ ಸಹಿಯುಳ್ಳ ಒಪ್ಪಿಗೆ ಪತ್ರ ಮತ್ತು 500 ಪೌಂಡ್ ಠೇವಣಿಯೂ ಬೇಕು. ಸಿಂಧುವಾದ ಮತಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಪಡೆಯದಿದ್ದರೆ ಠೇವಣಿ ಮುಟ್ಟುಗೋಲಾಗುತ್ತದೆ, ಪಕ್ಷೇತರರಿಗೆ ಇದು ಅಪರೂಪವೇನಲ್ಲ. ನಾಮಪತ್ರವನ್ನು ಅಂಚೆಯಲ್ಲಿ ಕಳುಹಿಸುವಂತಿಲ್ಲ; ಮತದಾನಕ್ಕೆ 19 ಕೆಲಸದ ದಿನಗಳ ಮುಂಚಿನ ಸಂಜೆ 4 ಗಂಟೆಯೊಳಗೆ ಖುದ್ದಾಗಿ ತಲುಪಿಸಬೇಕು. ವೆಲ್ಷ್ ಭಾಷೆಯ ನಮೂನೆಗಳನ್ನೂ ಬಳಸಬಹುದು.